ಎರಡು ಕೋಣೆ, ಎರಡು ಅಗ್ಗಿಷ್ಟಿಕೆ: ಸಾಂಟಾ ಕ್ಲಾರಾದ ಹ್ಯಾಂಬ್ಲಿನ್ ಮನೆ

ಲಾಸ್ ವೇಗಸ್‌ನಿಂದ ಯೂಟಾದ ಝಯಾನ್ ರಾಷ್ಟ್ರೀಯ ಉದ್ಯಾನ ನೋಡಲು ಹೊರಟವರು ಸೇಂಟ್ ಜಾರ್ಜ್‌ನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಸೀದಾ ಮುಂದಕ್ಕೆ ಹೋಗಿಬಿಡುತ್ತಾರೆ. ಅಮೆರಿಕದಲ್ಲಿರುವ ನಮ್ಮ ಕನ್ನಡದವರೂ ಅಷ್ಟೇ. ಊರಿಂದ ಪಶ್ಚಿಮಕ್ಕೆ ತಿರುಗಿ ಸ್ವಲ್ಪ ದೂರ ಕಾರು ಓಡಿಸಿದರೆ ಸಾಂಟಾ ಕ್ಲಾರಾ ಸಿಗುತ್ತದೆ. ಅಲ್ಲಿ ಕೆಂಪು ಮರಳುಗಲ್ಲಿನ ಎರಡಂತಸ್ತಿನ ಹಳೇ ಮನೆಯೊಂದಿದೆ: ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಿಷನರಿ ಜೇಕಬ್ ಹ್ಯಾಂಬ್ಲಿನ್ ತನ್ನ ಇಬ್ಬರು ಹೆಂಡತಿಯರಾದ ರೇಚೆಲ್, ಪ್ರಿಸಿಲ್ಲಾರಿಗಾಗಿ 1863ರ ಹೊತ್ತಿಗೆ ಕಟ್ಟಿಸಿದ್ದು. ಈಗ ಅದನ್ನು ಮಾರ್ಮನ್ನರ ಲ್ಯಾಟರ್-ಡೇ ಸೇಂಟ್ಸ್ ಚರ್ಚ್ ನೋಡಿಕೊಳ್ಳುತ್ತದೆ. ಗೈಡ್ ಜೊತೆಯಲ್ಲಿ ಒಳಗೆಲ್ಲ ತೋರಿಸುತ್ತಾರೆ, ಪುಕ್ಕಟೆ. ಆ ಜನರ ಬಹುಪತ್ನಿತ್ವದ ಸಂಸಾರ ದಿನದಿನಕ್ಕೆ ಹೇಗೆ ನಡೆಯುತ್ತಿತ್ತು ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಆ ಸೀಮೆಯಲ್ಲಿಲ್ಲ.

ಒಳಗೆ ಹೋದ ತಕ್ಷಣ ಸಾಮಾನುಗಳ ಮೇಲೆ ಕಣ್ಣು ಹಾಕಬೇಡಿ, ಗೋಡೆ ನೋಡಿ. ನೆಲಮಹಡಿಯಲ್ಲಿ ಹೆಂಡತಿಯರಿಗೆ ಒಂದೊಂದು ಕೋಣೆ, ಒಂದಕ್ಕೊಂದು ಜೋಡಿ. ಎರಡಕ್ಕೂ ಬೇರೆ ಬೇರೆ ಅಗ್ಗಿಷ್ಟಿಕೆ. ಅಗ್ಗಿಷ್ಟಿಕೆ ಎಂದರೆ ಬರೀ ಚಳಿ ಕಾಯಿಸುವ ಬೆಂಕಿಯಲ್ಲ. ತನ್ನ ಬೆಂಕಿ ತನಗೆ ಇದ್ದವಳು ತನ್ನ ಮಕ್ಕಳಿಗೆ ರಾತ್ರಿ ಗಂಜಿ ಬಿಸಿ ಮಾಡಬಹುದು, ಬಾಣಂತಿಗೆ ನೀರು ಕಾಯಿಸಬಹುದು, ಯಾರ ಮುಖವನ್ನೂ ನೋಡಬೇಕಿಲ್ಲ. ಒಂದೇ ಒಲೆಯ ಮುಂದೆ ಇಬ್ಬರು ಯಜಮಾನಿಯರು ನಿಂತರೆ ಏನಾಗುತ್ತದೆಂದು ಕೂಡುಕುಟುಂಬದಲ್ಲಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಇಬ್ಬರಿಗೂ ಸಮಪಾಲು ಎಂಬ ಮಾತನ್ನು ಇಲ್ಲಿ ಕಲ್ಲಿನಲ್ಲಿ ಕಟ್ಟಿಟ್ಟಿದ್ದಾರೆ.

ಮೇಲಿನ ಮಹಡಿ ಇಡೀ ಒಂದೇ ಹಜಾರ. ನೂಲುವುದು, ನೇಯುವುದು, ಶಾಲೆ, ಪ್ರಾರ್ಥನೆ, ಊರವರ ಕುಣಿತ ಎಲ್ಲಕ್ಕೂ ಅದೇ. ಮಲಗುವುದು ಬೇರೆ, ದುಡಿಮೆ ಒಟ್ಟಿಗೆ: ಈ ಸಂಸಾರದ ಲೆಕ್ಕಾಚಾರ ಇಷ್ಟರಲ್ಲೇ ಇದೆ. ಗಂಡ ಪೈಯೂಟ್, ಹೋಪಿ ಮೂಲನಿವಾಸಿಗಳ ನಡುವೆ ಮಿಷನ್ ಕೆಲಸಕ್ಕೆಂದು ತಿಂಗಳುಗಟ್ಟಲೆ ಹೊರಗಿರುತ್ತಿದ್ದ. ಹೊಲ, ದನ, ಮಕ್ಕಳು, ಹತ್ತಿಯ ಕೆಲಸ ಎಲ್ಲವೂ ಹೆಂಗಸರ ತಲೆಯ ಮೇಲೆ. ಇಬ್ಬರು ಹೆಂಡತಿಯರೆಂದರೆ ಅಂಥ ಮನೆಯಲ್ಲಿ ನಾಲ್ಕು ಕೈ. ತಾಯಿಯಲ್ಲದ ಇನ್ನೊಬ್ಬಳನ್ನು ಇಂಥ ಮನೆಯ ಮಕ್ಕಳು ‘ಆಂಟ್’ ಎಂದು ಕರೆಯುವುದು ರೂಢಿಯಾಗಿತ್ತು. ನಮ್ಮಲ್ಲಾದರೆ ದೊಡ್ಡಮ್ಮ, ಚಿಕ್ಕಮ್ಮ ಎಂದು ಹಿರಿತನ ಹೆಸರಿನಲ್ಲೇ ಕೂತಿರುತ್ತದೆ, ಅಲ್ಲಿ ಆ ಭೇದವಿಲ್ಲ.

ಬಹುಪತ್ನಿತ್ವ ಎಂದೊಡನೆ ಆಗಿನ ಚರ್ಚಿನ ಮುಖ್ಯಸ್ಥ ಬ್ರಿಗಂ ಯಂಗ್ ನೆನಪಾಗುತ್ತಾನೆ: 55 ಹೆಂಡತಿಯರು, ಅವರಲ್ಲಿ 16 ಮಂದಿಗೆ ಮಕ್ಕಳು. ಸಾಲ್ಟ್ ಲೇಕ್ ಸಿಟಿಯ ಅವನ ಲಯನ್ ಹೌಸ್‌ನ ಮೇಲ್ಮಹಡಿಯಲ್ಲಿ ಸಾಲಾಗಿ 20 ಮಲಗುವ ಕೋಣೆ. ಅದು ಅಪರೂಪದ ಮನೆ. ಒಬ್ಬಳಿಗಿಂತ ಹೆಚ್ಚು ಹೆಂಡತಿಯರಿದ್ದ ಗಂಡಸರಲ್ಲಿ ಬಹುಪಾಲು ಜನಕ್ಕೆ ಇದ್ದದ್ದು ಇಬ್ಬರೇ. ಆದ್ದರಿಂದ ಸಾಮಾನ್ಯ ಸಂಸಾರ ನೋಡಬೇಕಾದರೆ ಹ್ಯಾಂಬ್ಲಿನ್ ಮನೆಗೇ ಬರಬೇಕು.

ಇನ್ನು ಗೈಡ್‌ಗಳ ವಿಷಯ. ಹೆಚ್ಚಾಗಿ ನಿವೃತ್ತರಾದ ಮಿಷನರಿ ದಂಪತಿ. ಮರ್ಯಾದೆಯಿಂದ ಮಾತಾಡಿಸುತ್ತಾರೆ, ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಮಾತಿನ ನಡುವೆ ಧರ್ಮದ ವಿಚಾರ ಬರುತ್ತದೆ, ಅವರ ಕೆಲಸವೇ ಅದು. ಆದರೆ ಸುಮಾರು ಅರ್ಧ ಗಂಟೆಯಲ್ಲಿ ಹ್ಯಾಂಬ್ಲಿನ್‌ನ ಸಾಹಸಕ್ಕೆ ಸಮಯ ಜಾಸ್ತಿ, ಕೋಣೆಯಲ್ಲಿ ಬದುಕಿದವರಿಗೆ ಕಡಿಮೆ ಆಗುವುದು ಸಹಜ. ಕೇಳಿದರೆ ಹೇಳುತ್ತಾರೆ, ಹಾಗಾಗಿ ಕೇಳಬೇಕು.

ಮೊದಲು ರೇಚೆಲ್ ಬಗ್ಗೆ ಕೇಳಿ. 1857ರ ಸೆಪ್ಟೆಂಬರ್‌ನಲ್ಲಿ ಮೌಂಟನ್ ಮೆಡೋಸ್ ಹತ್ಯಾಕಾಂಡದಲ್ಲಿ ಮಾರ್ಮನ್ ಮಿಲಿಷಿಯಾದವರು ಸುಮಾರು 120 ವಲಸಿಗರನ್ನು ಕೊಂದಾಗ ಉಳಿದದ್ದು 17 ಪುಟ್ಟ ಮಕ್ಕಳು. ಅವರನ್ನು ತಂದು ಇಳಿಸಿದ್ದು ಅಲ್ಲಿನ ಹ್ಯಾಂಬ್ಲಿನ್ ರಾಂಚ್‌ನಲ್ಲಿ, ರೇಚೆಲ್ ಕೈಗೆ. ಗಂಡ ಮನೆಯಲ್ಲಿರಲಿಲ್ಲ, ಅದೇ ತಿಂಗಳು ಸಾಲ್ಟ್ ಲೇಕ್ ಸಿಟಿಯಲ್ಲಿ ಪ್ರಿಸಿಲ್ಲಾಳನ್ನು ಮದುವೆಯಾದ. ಗಾಯಗೊಂಡ ಆ ಮಕ್ಕಳಿಗೆ ಆರೈಕೆ ಮಾಡಿದವಳು ರೇಚೆಲ್. ಈ ಸಂಗತಿ ಗೊತ್ತಿದ್ದು ಅವಳ ಕೋಣೆಯ ಹೊಸ್ತಿಲಲ್ಲಿ ನಿಂತರೆ ಹೊಟ್ಟೆ ಕಿವುಚಿದಂತಾಗುತ್ತದೆ. 1862ರ ಪ್ರವಾಹದಲ್ಲಿ ಸಾಂಟಾ ಕ್ಲಾರಾದ ಕಲ್ಲಿನ ಕೋಟೆ ಕೊಚ್ಚಿಹೋದ ಮೇಲೆ ಈ ಮನೆ ಎದ್ದಿತು. ರೇಚೆಲ್ 1865ರಲ್ಲಿ ತೀರಿಕೊಂಡಳು. ಅವಳಿಗೆಂದು ಕಟ್ಟಿದ ಕೋಣೆಯಲ್ಲಿ ಅವಳು ಬದುಕಿದ್ದು ಎರಡು ವರ್ಷದಷ್ಟು. ಅದೇ ವರ್ಷ ಲೂಯಿಸಾ ಬೊನೆಲ್ಲಿ ಹೆಂಡತಿಯಾಗಿ ಬಂದಳು.

ಎರಡನೆಯದಾಗಿ ಹಕ್ಕಿನ ಬಗ್ಗೆ ಕೇಳಿ. ಎರಡನೇ ಮದುವೆಗೆ ಚರ್ಚಿನ ಮುದ್ರೆಯಿತ್ತು, ಸರ್ಕಾರದ್ದಿರಲಿಲ್ಲ. 1862ರಲ್ಲೇ ಮಾರಿಲ್ ಕಾಯ್ದೆ ಅದನ್ನು ಅಪರಾಧವೆಂದಿತು, ಅಂದರೆ ಈ ಮನೆ ಕಟ್ಟಿ ಮುಗಿಯುವ ಮೊದಲೇ. 1882ರ ಎಡ್ಮಂಡ್ಸ್ ಕಾಯ್ದೆ ಬಂದ ಮೇಲೆ ಇಬ್ಬರೊಡನೆ ಸಂಸಾರ ಮಾಡಿದ್ದಕ್ಕೇ 6 ತಿಂಗಳವರೆಗೆ ಜೈಲು, 300 ಡಾಲರ್‌ವರೆಗೆ ದಂಡ. ಗಂಡಸರು ತಲೆಮರೆಸಿಕೊಂಡರು, ಹೆಂಗಸರು ಊರೂರು ಅಲೆದರು. 1890ರಲ್ಲಿ ಚರ್ಚ್ ಹೊಸ ಬಹುಪತ್ನಿ ಮದುವೆಗಳನ್ನು ಕೈಬಿಡುವುದಾಗಿ ಪ್ರಕಟಿಸಿತು. ಹಾಗೆಂದು ಹೆಂಡತಿಯರು ಬಾಯಿಮುಚ್ಚಿ ಸಹಿಸಿಕೊಂಡೇ ಇದ್ದರು ಎಂದುಕೊಳ್ಳಬೇಡಿ. ಬ್ರಿಗಂ ಯಂಗ್ ತನ್ನ ಅಧಿಕಾರಾವಧಿಯಲ್ಲಿ ಚರ್ಚಿನವರ 1,600ಕ್ಕೂ ಹೆಚ್ಚು ವಿಚ್ಛೇದನಗಳಿಗೆ ಒಪ್ಪಿಗೆ ಕೊಟ್ಟಿದ್ದಾನೆ.

ಹೋಗುವವರಿಗೆ ಮುಖ್ಯವಾಗಿ ಗಡಿಯಾರದ ಎಚ್ಚರಿಕೆ. ಯೂಟಾ ಸಮಯ ನೆವಾಡಾಕ್ಕಿಂತ ಒಂದು ಗಂಟೆ ಮುಂದೆ. ದಾರಿಯಲ್ಲಿ ಅರಿಝೋನಾದ ಮೂಲೆಯೊಂದು ಬೇರೆ ಸಿಗುತ್ತದೆ. ಬೇಸಿಗೆಯಲ್ಲಿ ಅದರ ಸಮಯ ಯೂಟಾದ್ದಲ್ಲ, ನೆವಾಡಾದ್ದು, ಫೋನ್ ಹಿಂದೆಮುಂದೆ ಆಗುತ್ತದೆ. ವೇಗಸ್‌ನಿಂದ ಎರಡು ಗಂಟೆ ದಾರಿ ಎಂದು ಮಧ್ಯಾಹ್ನ ಹೊರಟವರು ಬಾಗಿಲು ಮುಚ್ಚುವ ಹೊತ್ತಿಗೆ ತಲುಪುತ್ತಾರೆ. ತೆರೆದಿರುವ ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಆ ದಿನವೇ ನೋಡಿಕೊಂಡು ಹೊರಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆಳಿಗ್ಗೆಯೇ ಮುಗಿಸಿಕೊಳ್ಳಿ. ಕೆಳಗಿನ ಕೋಣೆಗಳು ಚಿಕ್ಕವು. ದೊಡ್ಡ ಗುಂಪು ಒಳಗಿದ್ದರೆ ಅಗ್ಗಿಷ್ಟಿಕೆಯ ಹತ್ತಿರ ಹೋಗಲೂ ಆಗುವುದಿಲ್ಲ, ಮುಂದಿನ ಸುತ್ತಿಗೆ ಕಾಯುವುದೇ ಮೇಲು. ಮಂಡಿನೋವಿನ ಹಿರಿಯರನ್ನು ಕರೆತಂದರೆ ಚಿಂತೆಯಿಲ್ಲ, ಮುಖ್ಯವಾದದ್ದೆಲ್ಲ ನೆಲಮಹಡಿಯಲ್ಲೇ ಇದೆ. ಸಮಯ ಉಳಿದರೆ ಸೇಂಟ್ ಜಾರ್ಜ್‌ನಲ್ಲಿರುವ ಬ್ರಿಗಂ ಯಂಗ್ ಚಳಿಗಾಲದ ಮನೆಯನ್ನೂ ನೋಡಿ, ಅದೂ ಪುಕ್ಕಟೆ. ಆದರೆ ಇದನ್ನು ನೋಡಿದ ಮೇಲೆ ಅದನ್ನು ನೋಡಿ. ಅನುಕೂಲಸ್ಥನ ಮನೆಯ ನುಣುಪು ಮೊದಲೇ ಕಣ್ಣಿಗೆ ಹತ್ತಿದರೆ ಸಾಂಟಾ ಕ್ಲಾರಾದ ಒರಟು ಕಲ್ಲಿನಲ್ಲಿ ಇರುವುದು ಕಾಣದೆ ಹೋಗುತ್ತದೆ.