ಹಳೇ ಮೋಟರ್‌ಹೋಮ್‌ಗೆ ಯಾವ ಎ.ಸಿ.? ಸಾಫ್ಟ್ ಸ್ಟಾರ್ಟರ್, 15,000 ಬಿಟಿಯು, ಇನ್ವರ್ಟರ್, ಮಿನಿ ಸ್ಪ್ಲಿಟ್

ನಮ್ಮದು 2004ರ ಮೋಟರ್‌ಹೋಮ್, ಅಂದರೆ ಹಿಂಭಾಗದಲ್ಲಿ ಪುಟ್ಟ ಮನೆಯೇ ಇರುವ ಗಾಡಿ. ಫೋರ್ಡ್ ಇ-450 ಚಾಸಿ, ಡ್ರೈವರ್ ತಲೆಯ ಮೇಲೊಂದು ಹಾಸಿಗೆ ಇರುವ ಕ್ಲಾಸ್ ಸಿ ಮಾದರಿ, ಕರೆಂಟಿಗೆ 30 ಆಂಪ್ ಪ್ಲಗ್. ಇರುವುದು ಅಮೆರಿಕದ ಅರಿಝೋನಾದ ಫೀನಿಕ್ಸ್‌ನಲ್ಲಿ. ಜೂನ್ ತಿಂಗಳಲ್ಲಿ ಇಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 43, ಮುಟ್ಟುವುದು ಮಾಮೂಲಿ. ಕಲಬುರಗಿಯ ಬೇಸಿಗೆ ಕಂಡವರೂ ಇಲ್ಲಿಗೆ ಬಂದು ಸುಸ್ತಾಗುತ್ತಾರೆ. ಎಂಜಿನ್ನಿನ ಎ.ಸಿ. ಮುಂದಿನ ಎರಡು ಸೀಟಿಗಷ್ಟೇ ಸಾಕು. ಹಿಂದಿನ ಮನೆಯ ಭಾಗ ತಣ್ಣಗಾಗಬೇಕಾದರೆ ಚಾವಣಿ ಮೇಲಿನ ಯಂತ್ರವೇ ಗತಿ.

ಹಳೇ ಗಾಡಿ ಇಟ್ಟುಕೊಂಡವರು ಎ.ಸಿ. ವಿಷಯ ಬಂದ ತಕ್ಷಣ ಕೇಳುವುದು "ಎಷ್ಟು ಬಿಟಿಯು?" ಅಂತ; ಬಿಟಿಯು ಎಂದರೆ ಯಂತ್ರದ ತಂಪು ಮಾಡುವ ಶಕ್ತಿಯ ಅಳತೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು "ಎಷ್ಟು ಆಂಪ್?" 30 ಆಂಪ್ ಪ್ಲಗ್ಗಿನಿಂದ 120 ವೋಲ್ಟಿನಲ್ಲಿ ಸಿಗುವುದು 3,600 ವ್ಯಾಟ್. ಚಾವಣಿ ಎ.ಸಿ. ಒಂದೇ 12ರಿಂದ 15 ಆಂಪ್ ಎಳೆಯುತ್ತದೆ. ನೀರು ಕಾಯಿಸುವ ಕರೆಂಟ್ ಕಾಯಿಲ್‌ಗೆ ಸುಮಾರು 12, ಮೈಕ್ರೋವೇವ್‌ಗೆ ಇನ್ನೊಂದು 12. ಮೂರನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳಲೇಬೇಕು. ದೊಡ್ಡ ಬಸ್ಸಿನಂಥ ಕ್ಲಾಸ್ ಎ ಗಾಡಿಗಳ 50 ಆಂಪ್ ಪ್ಲಗ್ಗಿನಲ್ಲಿ ಎರಡು ಲೈನ್ ಬರುವುದರಿಂದ 12,000 ವ್ಯಾಟ್ ಸಿಗುತ್ತದೆ; ಅವರ ಕಷ್ಟಗಳೇ ಬೇರೆ. ನಾನು ಬರೆಯುತ್ತಿರುವುದು 30 ಆಂಪಿನವರಿಗೆ.

ನಾನು ಮೊದಲು ಹಿಡಿದದ್ದು ಹಳೇ ಯಂತ್ರವನ್ನೇ ಉಳಿಸಿಕೊಳ್ಳುವ ದಾರಿ. ಅದು 13,500 ಬಿಟಿಯುದು. ಯಂತ್ರದ ಬಾಯಲ್ಲಿ ಗಾಳಿ ತಣ್ಣಗಿತ್ತು, ಹಿಂದಿನ ಹಾಸಿಗೆಯ ಹತ್ತಿರ ಬರೀ ಉಸ್ಸೆನ್ನುತ್ತಿತ್ತು. ಒಳಗಿನ ಜಾಲರಿ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಯಂತ್ರದಿಂದ ತಣ್ಣನೆ ಗಾಳಿ ಇಳಿಯುವ ಗೂಡಿಗೂ, ಒಳಗಿನ ಗಾಳಿಯನ್ನು ವಾಪಸ್ ಎಳೆದುಕೊಳ್ಳುವ ಗೂಡಿಗೂ ನಡುವಿನ ತಡಿಕೆ ಬರೀ ಸ್ಟೈರೋಫೋಮ್. ಅದರ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು. ತಣ್ಣನೆ ಗಾಳಿ ಡಕ್ಟ್, ಅಂದರೆ ಗಾಳಿ ಹರಿಯುವ ಕೊಳವೆ, ಸೇರುವ ಬದಲು ಆ ಸಂದಿನಲ್ಲಿ ನುಗ್ಗಿ ಮತ್ತೆ ಯಂತ್ರದೊಳಕ್ಕೇ ಹೋಗುತ್ತಿತ್ತು. ಹಳೇ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ. ಬಟ್ಟೆಯ ಡಕ್ಟ್ ಟೇಪ್ ಬಿಸಿಗೆ ಬಿಟ್ಟುಕೊಳ್ಳುತ್ತದೆ, ಅದು ಬೇಡ. ಅಲ್ಯೂಮಿನಿಯಂ ಫಾಯಿಲ್ ಟೇಪ್ ತಂದು ಎಲ್ಲ ಅಂಚುಗಳನ್ನೂ ಮುಚ್ಚಿದೆ. ಡಕ್ಟಿಗೂ ಚಾವಣಿಯ ಗೂಡಿಗೂ ಸೇರುವ ಕಡೆ ಕೈ ತೂರಿಸಿ ಅಲ್ಲೂ ಅಂಟಿಸಿದೆ. ಒಂದು ಸಂಜೆಯ ಕೆಲಸ, ಕೈಗೆಲ್ಲ ತಗಡು ಗೀರಿದ್ದೇ ನಷ್ಟ. ಒಳಕ್ಕೆ ಎಳೆದುಕೊಳ್ಳುವ ಗಾಳಿಗೂ ಹೊರಬಿಡುವ ಗಾಳಿಗೂ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇದ್ದರೆ ಯಂತ್ರ ಆರೋಗ್ಯವಾಗಿದೆ ಅಂತ ಲೆಕ್ಕ. ಹಿಂದಿನ ಕಿಂಡಿಯಲ್ಲೂ ಆ ಅಂಕಿ ಬಂತು. ಈ ಹೋಲಿಕೆಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ತಂಪು ಕೊಟ್ಟದ್ದು ಆ ಟೇಪಿನ ಸುರುಳಿಯೇ.

ಆಮೇಲೆ ಸಾಫ್ಟ್ ಸ್ಟಾರ್ಟರ್, ಅಂದರೆ ಕಂಪ್ರೆಸರ್ ಮೆಲ್ಲಗೆ ಶುರುವಾಗುವಂತೆ ಮಾಡುವ ಡಬ್ಬಿ. ಕಂಪ್ರೆಸರ್ ಶುರುವಾಗುವ ಆ ಕ್ಷಣದಲ್ಲಿ ಓಡುವಾಗಿನದಕ್ಕಿಂತ ನಾಲ್ಕೈದು ಪಟ್ಟು ಕರೆಂಟ್ ಕೇಳುತ್ತದೆ. ಸಣ್ಣ ಜನರೇಟರ್ ಉಸಿರುಗಟ್ಟಿ ನಿಲ್ಲುವುದು ಅಲ್ಲೇ. ಮೈಕ್ರೋ-ಏರ್‌ನ ಈಸಿಸ್ಟಾರ್ಟ್‌ನಂಥ ಡಬ್ಬಿ ಹಾಕಿದರೆ ಆ ಏಟು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮೊದಲ ಐದು ಸಲ ಶುರುವಾಗುವಾಗ ಅದು ನಿಮ್ಮ ಕಂಪ್ರೆಸರ್‌ನ ಸ್ವಭಾವ ಕಲಿತುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಒಳ್ಳೆಯ ಕರೆಂಟ್ ಇರಲಿ. ಬೆಲೆ 300 ಡಾಲರ್ ಆಸುಪಾಸು. ಹಾಕುವ ಮುಂಚೆ ಪ್ಲಗ್ ಕಿತ್ತರಷ್ಟೇ ಸಾಲದು, ಕೆಪಾಸಿಟರ್‌ನಲ್ಲಿ ಉಳಿದ ಕರೆಂಟನ್ನೂ ಇಳಿಸಬೇಕು. ಅದು ಹೊಡೆದರೆ ಚಾವಣಿಯಿಂದ ಕೆಳಗೆ ಬೀಳಬಹುದು.

ಆದರೆ ಇದರಿಂದ ತಂಪು ಹೆಚ್ಚುವುದಿಲ್ಲ, ಓಡುವಾಗಿನ ಆಂಪ್ ಇಳಿಯುವುದೂ ಇಲ್ಲ. 2,200 ವ್ಯಾಟಿನ ಪುಟ್ಟ ಜನರೇಟರ್ ಸತತವಾಗಿ ಕೊಡುವುದು 1,800 ವ್ಯಾಟ್. ಲೇಕ್ ಹವಾಸುವಿನಂಥ ತಗ್ಗಿನಲ್ಲಿ ನಮ್ಮ 13,500 ಅದರ ಮೇಲೆ ಓಡಿತು. ಸುಮಾರು 7,000 ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಶುರುವಾಗಿ, ಸ್ವಲ್ಪ ಹೊತ್ತು ನರಳಿ, ಓವರ್‌ಲೋಡ್ ದೀಪ ಹತ್ತಿ ನಿಂತಿತು. ಪ್ರತಿ ಸಾವಿರ ಅಡಿಗೆ ಎಂಜಿನ್ ಸುಮಾರು ಶೇ 3.5 ಶಕ್ತಿ ಕಳೆದುಕೊಳ್ಳುತ್ತದೆ, ಆ ಎತ್ತರದಲ್ಲಿ ಉಳಿಯುವುದು 1,400 ವ್ಯಾಟಿಗಿಂತ ಕಡಿಮೆ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಎ.ಸಿ. ಅಷ್ಟಾಗಿ ಬೇಕಿಲ್ಲ ಅನ್ನಿ, ಪೈನ್ ಮರದ ನೆರಳೇ ಸಾಕು.

ಭಾವ ಇರುವುದು ಹ್ಯೂಸ್ಟನ್‌ನಲ್ಲಿ, ಅವರದೂ ಹೆಚ್ಚು ಕಡಿಮೆ ಇದೇ ವಯಸ್ಸಿನ ಗಾಡಿ. ಅವರು ನೇರವಾಗಿ ಹೊಸ 15,000 ಬಿಟಿಯು ಮಾಮೂಲಿ ಯಂತ್ರ ಕೂರಿಸಿದರು. ಡೊಮೆಟಿಕ್ ಕಂಪನಿಯದಾಗಲಿ, ಕೋಲ್ಮನ್-ಮ್ಯಾಕ್ ಕಂಪನಿಯದಾಗಲಿ, ಎಲ್ಲವೂ ಚಾವಣಿಯ ಅದೇ 14¼ ಇಂಚು ಚೌಕದ ತೂತಿಗೆ ಕೂರುವುದರಿಂದ ಬದಲಾವಣೆ ಸುಲಭ. ಮಧ್ಯಾಹ್ನದ ಬಿಸಿಲಿಗೆ ಅವರ ಗಾಡಿ ನಮ್ಮದಕ್ಕಿಂತ ಬೇಗ ತಣ್ಣಗಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ರಾತ್ರಿ ಮಾತ್ರ ಬೇರೆ ಕಥೆ. ಹೊರಗೆ ಬಿಸಿ ಇಳಿದ ಮೇಲೆ ದೊಡ್ಡ ಯಂತ್ರ ಐದು ನಿಮಿಷ ಓಡಿ ನಿಲ್ಲುತ್ತದೆ, ತೇವ ಎಳೆಯುವಷ್ಟು ಹೊತ್ತು ಓಡುವುದಿಲ್ಲ. ಹ್ಯೂಸ್ಟನ್‌ನ ಗಾಳಿಯೋ, ಮಂಗಳೂರಿನದೇ. ಹೊದಿಕೆ ತಣ್ಣಗೆ, ಜಿಗುಟು ಜಿಗುಟು. ಫ್ಯಾನನ್ನು ಸದಾ ಓಡುವಂತೆ ಬಿಡದೆ ಆಟೋಗೆ ಹಾಕಿದ ಮೇಲೆ ಅರ್ಧ ವಾಸಿಯಾಯಿತು. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ಓಡುತ್ತಿದ್ದರೆ ಕಾಯಿಲ್ ಮೇಲಿನ ನೀರು ಮತ್ತೆ ಗಾಡಿಯೊಳಗೇ ಆವಿಯಾಗುತ್ತದೆ. ಸದ್ದಿಗೆ ಮದ್ದಿಲ್ಲ. "ಟಿ.ವಿ. ಕೇಳ್ಬೇಕು ಅಂದ್ರೆ ಎ.ಸಿ. ಆರಿಸ್ಬೇಕು ಕಣೋ" ಅಂತ ಭಾವ ನಗುತ್ತಾರೆ. ಅಕ್ಕ ನಗುವುದಿಲ್ಲ.

ನಮ್ಮ ಹಳೇ ಯಂತ್ರದ ಗ್ಯಾಸ್ ಕೊನೆಗೆ ಸೋರಿಹೋಯಿತು. ಮನೆಯ ಎ.ಸಿ.ಗಿರುವಂತೆ ಇವಕ್ಕೆ ಗ್ಯಾಸ್ ತುಂಬುವ ವಾಲ್ವ್ ಇರುವುದಿಲ್ಲ, ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಸೋರಿತು ಎಂದರೆ ಯಂತ್ರ ಬದಲಾಯಿಸಿದಂತೆಯೇ. (ಬರೀ ಗುಂಯ್‌ಗುಟ್ಟಿ ಕಂಪ್ರೆಸರ್ ಶುರುವಾಗದಿದ್ದರೆ ಮೊದಲು ಕೆಪಾಸಿಟರ್ ಪರೀಕ್ಷಿಸಿ. ಅಗ್ಗದ ಆ ಡಬ್ಬಿ ಕೆಟ್ಟಿದ್ದಕ್ಕೆ ಇಡೀ ಯಂತ್ರ ಎಸೆದವರಿದ್ದಾರೆ.) ನಾನು ತಂದದ್ದು ಚಾವಣಿ ಮೇಲೆ ಕೂರುವ ಇನ್ವರ್ಟರ್ ಮಾದರಿ, ಅಂದರೆ ಕಂಪ್ರೆಸರ್ ವೇಗ ಏರಿಸಿ ಇಳಿಸಿಕೊಳ್ಳುವಂಥದ್ದು.

ಹಳೆಯದನ್ನು ಎತ್ತಿದಾಗ ಕೆಳಗಿನ ಗ್ಯಾಸ್ಕೆಟ್, ಅಂದರೆ ನೀರು ಒಳಬರದಂತೆ ಹಾಕುವ ಮೆತ್ತನೆಯ ಪಟ್ಟಿ, ಹಪ್ಪಳದಂತೆ ಚಪ್ಪಟೆಯಾಗಿತ್ತು, ಒಂದು ಮೂಲೆಯಲ್ಲಿ ಕಣಜಗಳ ಮಣ್ಣಿನ ಗೂಡು. ಯಂತ್ರ 40 ಕೆಜಿಗೂ ಮೇಲೆ, ಒಬ್ಬರ ಕೆಲಸವಲ್ಲ. ಹೊಸ ಗ್ಯಾಸ್ಕೆಟ್ ಕೆಳಗೆ ಸಿಲಿಕೋನ್ ಬಳಿಯಬಾರದು, ಬರೀ ಒತ್ತಡದಲ್ಲೇ ಅದು ಮುಚ್ಚಿಕೊಳ್ಳಬೇಕು. ಒಳಗಿನ ನಾಲ್ಕು ಬೋಲ್ಟುಗಳನ್ನು 40ರಿಂದ 50 ಇಂಚು-ಪೌಂಡ್ (ಬೋಲ್ಟಿನ ಬಿಗಿತದ ಅಳತೆ) ಬರುವಂತೆ, ಗ್ಯಾಸ್ಕೆಟ್ ಅರ್ಧ ಇಂಚಿಗೆ ಕುಗ್ಗುವವರೆಗೆ, ಒಂದಾದ ಮೇಲೊಂದು ಸಮನಾಗಿ ಬಿಗಿ ಮಾಡುವುದು ಇಂಥ ಯಂತ್ರಗಳ ಸಾಮಾನ್ಯ ಅಳತೆ; ನಿಮ್ಮ ಯಂತ್ರದ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ಜೋರು ಮಾಡಿದರೆ ತಳ ಬಾಗಿ ಮಳೆ ನೀರು ಒಳಗೆ ಬರುತ್ತದೆ.

ನಡು ಮಧ್ಯಾಹ್ನ ಇದು ಹಳೆಯದರಷ್ಟೇ ಕರೆಂಟ್ ಎಳೆಯುತ್ತದೆ, ಜಾಹೀರಾತಿನವರು ಹೇಳುವ ಪವಾಡ ಏನೂ ಇಲ್ಲ. ಕತ್ತಲಾದ ಮೇಲೆ ಕ್ಲ್ಯಾಂಪ್ ಮೀಟರ್ ಹಾಕಿದರೆ ನಾಲ್ಕೈದು ಆಂಪ್‌ಗೆ ಇಳಿದು ಅಲ್ಲೇ ನಿಲ್ಲುತ್ತದೆ. ಧಡ್ ಅಂತ ಶುರುವಾಗುವುದು, ಧಡ್ ಅಂತ ನಿಲ್ಲುವುದು ಇಲ್ಲ. ಮೈಕ್ರೋವೇವ್‌ನಲ್ಲಿ ಹಾಲು ಕಾಯಿಸುವ ಮುಂಚೆ "ಎ.ಸಿ. ಆರಿಸ್ಲಾ?" ಅಂತ ಹೆಂಡತಿ ಕೂಗುವುದು ನಿಂತಿದೆ. ಲಿಥಿಯಂ ಬ್ಯಾಟರಿ ಹಾಕಿಸಿಕೊಂಡವರಿಗೆ ಲೆಕ್ಕ ಇನ್ನೂ ಚೆನ್ನ: 12 ವೋಲ್ಟಿನ 400 ಆಂಪ್-ಅವರ್ ಬ್ಯಾಟರಿಯಲ್ಲಿ ಸುಮಾರು 5 ಕಿಲೋವ್ಯಾಟ್-ಅವರ್ ಇರುತ್ತದೆ, 500 ವ್ಯಾಟ್ ಎಳೆತಕ್ಕೆ ರಾತ್ರಿ ಕಳೆಯಬಹುದು. ಜನರೇಟರ್ ಆರಿಸಬೇಕಾದ ರಾತ್ರಿಗಳಲ್ಲಿ ಇದು ದೊಡ್ಡ ಅನುಕೂಲ. ಇದರ ಮೈನಸ್ಸು ಎಂದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡು. ಮಾಮೂಲಿ ಯಂತ್ರದ ಕೆಪಾಸಿಟರ್ ಯಾವ ಸಣ್ಣ ಊರಿನಲ್ಲೂ ಸಿಗುತ್ತದೆ, ಈ ಬೋರ್ಡಿಗೆ ಕೊರಿಯರ್ ಕಾಯಬೇಕು. ವರ್ಷವಿಡೀ ಊರೂರು ಸುತ್ತುವವರಿಗೆ ನಾನು ಭಾವನ ಮಾದರಿಯನ್ನೇ ಹೇಳುತ್ತೇನೆ, 15,000 ಬದಲು 13,500, ಜೊತೆಗೊಂದು ಸಾಫ್ಟ್ ಸ್ಟಾರ್ಟರ್.

ಟೂಸಾನ್‌ನ ಗೆಳೆಯರೊಬ್ಬರು ಮನೆಗೆ ಹಾಕುವ 12,000 ಬಿಟಿಯು ಮಿನಿ ಸ್ಪ್ಲಿಟ್ ತಂದು, ಹೊರಗಿನ ಯೂನಿಟ್ಟನ್ನು ಗಾಡಿಯ ಬೆನ್ನಿಗೆ ಕಬ್ಬಿಣದ ಚೌಕಟ್ಟು ಕಟ್ಟಿ ಕೂರಿಸಿದ್ದಾರೆ. ಒಳಗೆ ಕೂತರೆ ಓಡುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಚಾವಣಿ ತೂತಿಗೆ ಗಾಜಿನ ಮುಚ್ಚಳ ಹಾಕಿ ಬೆಳಕೂ ಮಾಡಿಕೊಂಡಿದ್ದಾರೆ. ಅವರ ಗಾಡಿ ಹೆಚ್ಚಾಗಿ ಒಂದೇ ಪಾರ್ಕಿನಲ್ಲಿ ನಿಂತಿರುತ್ತದೆ, ಅದಕ್ಕೇ ನಡೆಯುತ್ತದೆ. ರಸ್ತೆಯ ಕುಲುಕಾಟಕ್ಕೆ ತಾಮ್ರದ ಪೈಪಿನ ಕೂಡುಗಳು ಸಡಿಲವಾಗಿ ಗ್ಯಾಸ್ ಹೋಗುತ್ತದೆ, ಅಮೆರಿಕದಲ್ಲಿ ಆ ಗ್ಯಾಸ್ ಮುಟ್ಟಬೇಕಾದರೆ ಅಲ್ಲಿನ ಪರಿಸರ ಇಲಾಖೆ ಇ.ಪಿ.ಎ.ಯ 608 ಪ್ರಮಾಣಪತ್ರ ಇದ್ದವರೇ ಬರಬೇಕು. ಓಡಾಡುವ ಗಾಡಿಗೆ ನಾನಂತೂ ಇದನ್ನು ಹಾಕಿಸುವುದಿಲ್ಲ. ನೀರು ಆವಿಯಾಗಿಸುವ ಸ್ವಾಂಪ್ ಕೂಲರ್ ಬಗ್ಗೆ ಕೇಳುವವರೂ ಇದ್ದಾರೆ: ಅರಿಝೋನಾದ ಒಣ ಜೂನ್‌ಗೆ ಪರವಾಗಿಲ್ಲ, ಜುಲೈನಲ್ಲಿ ಮಾನ್ಸೂನ್ ತೇವ ಬಂದ ಮೇಲೆ ದಂಡ.

ಚಳಿಗಾಲಕ್ಕೆ ಬಂದರೆ, ಎ.ಸಿ. ಜೊತೆ ಬರುವ, ಕರೆಂಟಿನಿಂದ ಕಾಯುವ ಹೀಟ್ ಸ್ಟ್ರಿಪ್‌ನಿಂದ ಸಿಗುವುದು 5,600 ಬಿಟಿಯು ಆಸುಪಾಸು, ಬೆಳಗಿನ ಚಳಿ ಮುರಿಯಲಿಕ್ಕೆ ಮಾತ್ರ. ಎ.ಸಿ.ಯನ್ನೇ ಉಲ್ಟಾ ಓಡಿಸಿ ಬಿಸಿ ಕೊಡುವ ಚಾವಣಿಯ ಹೀಟ್ ಪಂಪ್ 40 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಕೈಚೆಲ್ಲುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ಜನವರಿ ರಾತ್ರಿಗೆ ಪ್ರೊಪೇನ್ ಗ್ಯಾಸಿನಲ್ಲಿ ಉರಿದು ಬಿಸಿಗಾಳಿ ಕೊಡುವ ಹಳೇ ಫರ್ನೆಸ್ಸೇ ಬೇಕು. ಅನೇಕ ಗಾಡಿಗಳಲ್ಲಿ ಅದರ ಬಿಸಿಗಾಳಿಯ ಒಂದು ಪಾಲು ನೆಲದಡಿಯ ನೀರಿನ ಟ್ಯಾಂಕುಗಳಿಗೂ ಹೋಗುತ್ತದೆ. ಬರೀ ಕರೆಂಟಿನ ಬಿಸಿ ನೆಚ್ಚಿಕೊಂಡರೆ ನೀವು ಬೆಚ್ಚಗೆ ಮಲಗಿರುತ್ತೀರಿ, ಕೆಳಗೆ ಪೈಪು ಹೆಪ್ಪುಗಟ್ಟಿರುತ್ತದೆ.

ಎ.ಸಿ. ಬದಲಾಯಿಸುವಾಗ ಆ ಫರ್ನೆಸ್ಸು ಕೈಕೊಡಬಾರದು. ಹಾಗಾಗಿ ಬೇರೆ ಕಂಪನಿಯ ಎ.ಸಿ.ಗೆ ಹೋಗುವವರು ಕಾರ್ಟ್‌ಗೆ ಹಾಕುವ ಮುಂಚೆ ಗೋಡೆಯ ಥರ್ಮೋಸ್ಟಾಟ್ ಬಿಚ್ಚಿ ಹಿಂದಿನ ವೈರ್ ನೋಡಿ. ಡೊಮೆಟಿಕ್ ಎ.ಸಿ. ಇರುವ ಹಲವು ಹಳೇ ಗಾಡಿಗಳಲ್ಲಿ ಟೆಲಿಫೋನ್ ವೈರಿನಂಥದ್ದು ಇರುತ್ತದೆ, ಅದರಲ್ಲಿ ಹೋಗುವುದು ಡಿಜಿಟಲ್ ಸಂದೇಶ. ಕೋಲ್ಮನ್-ಮ್ಯಾಕ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಬಿಡಿ ಬಣ್ಣದ ವೈರುಗಳು. ಒಂದರ ಜಾಗಕ್ಕೆ ಇನ್ನೊಂದನ್ನು ಸೀದಾ ಜೋಡಿಸಲಾಗದು. ಮೊದಲ ಬಗೆಯಲ್ಲಿ ಫರ್ನೆಸ್ಸಿಗೂ ಆಜ್ಞೆ ಹೋಗುವುದು ಎ.ಸಿ.ಯ ಬೋರ್ಡಿನ ಮೂಲಕವೇ, ಅದನ್ನು ಕಿತ್ತರೆ ಫರ್ನೆಸ್ಸೂ ಕಿವುಡು. ನಮ್ಮ ಹೊಸ ಎ.ಸಿ. ರಿಮೋಟಿನಲ್ಲಿ ನಡೆಯುತ್ತದೆ. ಫರ್ನೆಸ್ಸಿನಿಂದ ಚಾವಣಿಯ ಗೂಡಿಗೆ ಬಂದಿದ್ದ ಎರಡು ನೀಲಿ ವೈರುಗಳನ್ನು ಗೋಡೆಗಿಳಿಸಿ, 12 ವೋಲ್ಟಿಗೆ ಆಗುವ ಒಂದು ಸಾದಾ ಥರ್ಮೋಸ್ಟಾಟ್‌ಗೆ ಕೊಟ್ಟೆ.