‘ನೈಸರ್ಗಿಕ ಬಣ್ಣ’ದ ಮರದ ಆಟಿಕೆ ಕೊಳ್ಳುವವರ ಗಮನಕ್ಕೆ

ಬೆಂಗಳೂರಿನ ಕರಕುಶಲ ಮೇಳವೊಂದರಲ್ಲಿ, ಹಲ್ಲು ಮೂಡುತ್ತಿದ್ದ ಮೊಮ್ಮಗಳಿಗೆಂದು, ‘ಅಪ್ಪಟ ಚನ್ನಪಟ್ಟಣ, ಕೈಯಿಂದ ಮಾಡಿದ್ದು, ಪರಿಸರಸ್ನೇಹಿ, ನೈಸರ್ಗಿಕ ಬಣ್ಣ’ ಎಂದು ಚೀಟಿ ಅಂಟಿಸಿದ್ದ ಆಟಿಕೆಗಳ ಪೆಟ್ಟಿಗೆಯೊಂದನ್ನು ಕೊಂಡೆವು. ಅದರಲ್ಲಿ ಒಂದು ಗಿಲಕಿ, ಕಂಬಕ್ಕೆ ಪೋಣಿಸುವ ಬಳೆಗಳು ಮತ್ತು ಪ್ರಾಣಿಗಳ ಆಕಾರದ ಚಪ್ಪಟೆ ತುಂಡುಗಳಿದ್ದವು. ಮಗು ಆನೆಯನ್ನು ಬಾಯಿಗಿಡತೊಡಗಿದ ಕೆಲವೇ ದಿನಗಳಲ್ಲಿ ಸೊಂಡಿಲ ತುದಿಯ ಗುಲಾಬಿ ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಅಡಿಯಲ್ಲಿ ಮರದ ಎಳೆಯೇ ಇರಲಿಲ್ಲ, ಮರದ ನಾರನ್ನು ಅಂಟಿನಲ್ಲಿ ಕಲಸಿ ಒತ್ತಿದ ಕಂದು ಹಲಗೆಯಿತ್ತು. ಮಾರಿದವರಿಗೆ ಫೋನ್ ಮಾಡಿದಾಗ ‘ಕೈಯಲ್ಲಿ ಮಾಡಿದ್ದು ಮೇಡಂ, ಸ್ವಲ್ಪ ಹೀಗೆಲ್ಲ ಆಗುತ್ತೆ’ ಎಂಬ ಉತ್ತರ ಸಿಕ್ಕಿತು. ಹಣ ಹಿಂದಿರುಗಲಿಲ್ಲ.

ಚನ್ನಪಟ್ಟಣದ ಸಾಂಪ್ರದಾಯಿಕ ವಿಧಾನ ತಿಳಿದವರಿಗೆ ಈ ಮೋಸ ಅಂಗಡಿಯಲ್ಲೇ ಕಾಣುತ್ತದೆ. ಅಲ್ಲಿ ಹಾಲೆ ಮರದ ತಿಳಿಬಣ್ಣದ, ಹಗುರವಾದ ತುಂಡನ್ನು ಚೆನ್ನಾಗಿ ಒಣಗಿಸಿ, ಲೇತ್‌ಗೆ, ಅಂದರೆ ಮರವನ್ನು ತಿರುಗಿಸುವ ಯಂತ್ರಕ್ಕೆ, ಕಟ್ಟಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡಿಕೊಳ್ಳುತ್ತದೆ, ಅನಂತರ ಒಣಗಿದ ಎಲೆಯನ್ನು ಒತ್ತಿ ಹೊಳಪು ಕೊಡುತ್ತಾರೆ. ಅಂದರೆ ಲೇತ್‌ನಲ್ಲಿ ತಿರುಗಿದ ದುಂಡು ವಸ್ತುವಿಗೆ ಮಾತ್ರ ಹೀಗೆ ಅರಗು ಹಿಡಿಸಲು ಸಾಧ್ಯ. ಚಪ್ಪಟೆಯಾದ ಆನೆ, ಅಕ್ಷರದ ಹಲಗೆ, ಕತ್ತರಿಸಿ ಮಾಡಿದ ಒಗಟಿನ ತುಂಡು ಇವುಗಳ ಮೇಲಿನ ಬಣ್ಣ ಬಹುಮಟ್ಟಿಗೆ ಕುಂಚದಿಂದಲೋ ಸ್ಪ್ರೇಯಿಂದಲೋ ಬಂದದ್ದು, ಹಾಗಾಗಿ ಅದು ಯಾವ ಬಣ್ಣವೆಂದು ಪ್ರತ್ಯೇಕವಾಗಿ ಕೇಳಲೇಬೇಕು. ನಮ್ಮ ಪೆಟ್ಟಿಗೆಯ ಗಿಲಕಿಯೂ ಬಳೆಗಳೂ ಇಂದಿಗೂ ಚೆನ್ನಾಗಿವೆ. ಒಂದೇ ಚೀಟಿಯ ನೆರಳಿನಲ್ಲಿ ಎರಡು ಬಗೆಯ ಸರಕನ್ನು ಸೇರಿಸಿ ಮಾರಿದ್ದೇ ಅಲ್ಲಿನ ಜಾಣತನ.

ಅರಗು ಒಳ್ಳೆಯದಿದ್ದ ಮಾತ್ರಕ್ಕೆ ಅದರೊಳಗಿನ ಬಣ್ಣವೂ ಒಳ್ಳೆಯದೆಂದು ಹೇಳಲಾಗದು. ಅರಿಶಿನದ ಹಳದಿ, ನೀಲಿಗಿಡದ ನೀಲಿ, ಕಾಚಿನ ಕಂದು ಇವೆಲ್ಲ ಕೊಂಚ ಮಂದವಾಗಿರುತ್ತವೆ, ಅರಿಶಿನವಂತೂ ಬಿಸಿಲಿಗೆ ಬೇಗ ಮಾಸುತ್ತದೆ. ಕಣ್ಣು ಕುಕ್ಕುವ ಗುಲಾಬಿಯನ್ನೋ ಮಿಂಚುವ ಹಸಿರನ್ನೋ ಗಿಡಮೂಲದ್ದೆಂದು ಯಾರಾದರೂ ಹೇಳಿದರೆ, ಯಾವ ಗಿಡ ಎಂದು ಕೇಳಿ. ಸ್ವತಃ ಮಾಡುವವರು ತಡವರಿಸದೆ ಹೇಳುತ್ತಾರೆ, ತಂದು ಮಾರುವವರು ಮಾತು ಬದಲಿಸುತ್ತಾರೆ. ಮನೆಯಲ್ಲಿ ತಳದ ಒಂದು ಮೂಲೆಗೆ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ನೋಡಬಹುದು: ಅರಗಾಗಿದ್ದರೆ ಮೆತ್ತಗಾಗಿ ಅಂಟುತ್ತದೆ. (ಅದೇ ಕಾರಣಕ್ಕೆ ಅರಗಿನ ಆಟಿಕೆಯನ್ನು ಸ್ಯಾನಿಟೈಸರ್‌ನಿಂದ ಒರೆಸಬಾರದು.) ಆದರೆ ಬಣ್ಣದಲ್ಲಿ ಸೀಸವಿದೆಯೇ ಎಂಬುದನ್ನು ಇಂಥ ಯಾವ ಪರೀಕ್ಷೆಯೂ ತಿಳಿಸದು, ಅದಕ್ಕೆ ಪ್ರಯೋಗಾಲಯದ ವರದಿಯೇ ಬೇಕು.

ಗುರುತುಗಳ ವಿಷಯದಲ್ಲೂ ಗೊಂದಲವಿದೆ. ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಇದೆ; ಅದು ಊರಿನ ಹೆಸರನ್ನು ಕಾಯುತ್ತದೆಯೇ ಹೊರತು ಕೈಯಲ್ಲಿರುವ ತುಂಡಿನ ಬಣ್ಣವನ್ನು ಪರೀಕ್ಷಿಸಿ ಕೊಟ್ಟದ್ದಲ್ಲ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದರೂ ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ ಸರಕಿಗೂ ವಿನಾಯಿತಿ ನೀಡಲಾಗಿದೆ. ಬಡ ಕುಶಲಕರ್ಮಿಯ ಮೇಲೆ ಪರೀಕ್ಷೆಯ ಖರ್ಚು ಹೇರದಿರುವುದು ನ್ಯಾಯವೇ. ಆದರೆ ಅದೇ ವಿನಾಯಿತಿಯನ್ನು ತೋರಿಸಿ ‘ನಮಗೆ ಸರ್ಕಾರವೇ ಅನುಮತಿ ಕೊಟ್ಟಿದೆ’ ಎನ್ನುವವರ ಮಾತನ್ನು ಸುರಕ್ಷತೆಯ ಪ್ರಮಾಣವೆಂದು ಒಪ್ಪಬೇಡಿ. ಬಿಲ್ಲಿನಲ್ಲಿ ಮರದ ಹೆಸರನ್ನೂ, ಅರಗೋ ಪೇಂಟೋ ಎಂಬುದನ್ನೂ ಬರೆಸಿಕೊಳ್ಳಿ. ನಮ್ಮ ಬಿಲ್ಲಿನಲ್ಲಿ ‘ಟಾಯ್ಸ್’ ಎಂದಷ್ಟೇ ಇದ್ದುದರಿಂದ ದೂರು ಮುಂದೆ ಸಾಗಲೇ ಇಲ್ಲ.

ಇಂಥ ತುಂಡುಗಳು ಈಗಾಗಲೇ ಮನೆಯಲ್ಲಿದ್ದರೆ, ಮರವೇ ತಾನೇ ಎಂದು ಹಂಡೆಯ ಒಲೆಗೆ ಹಾಕಬೇಡಿ, ಗೊಬ್ಬರದ ಗುಂಡಿಗೂ ಎಸೆಯಬೇಡಿ. ಪೇಂಟು ಮತ್ತು ಹಲಗೆಯ ಅಂಟು ಸುಟ್ಟ ಹೊಗೆ ಮೂಗಿಗೆ ಹೋಗುತ್ತದೆ, ಮಣ್ಣಿಗೆ ಬಿದ್ದ ಬಣ್ಣದ ಚೂರು ಅಲ್ಲೇ ಉಳಿಯುತ್ತದೆ. ಒಣ ಕಸಕ್ಕೆ ಬೇರೆಯಾಗಿ ಕಟ್ಟಿ ಕೊಡಿ.