ಡಿ.ಎಲ್.ಎಡ್ ಸೇರೋದಾ, ಬಿ.ಎಡ್ ಸೇರೋದಾ?

ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಪಾಠ ಮಾಡುವ ಆಸೆಯಿದ್ದರೆ ಡಿ.ಎಲ್.ಎಡ್ ದಾರಿಯೇ ಸರಿ. ಹಿಂದೆ ಡಿ.ಎಡ್ ಅಂತಿದ್ದ ಶಿಕ್ಷಕರ ತರಬೇತಿ ಇದೇ. ಪಿಯುಸಿ ಆದ ಮೇಲೆ 2 ವರ್ಷ. ಆರು ವರ್ಷದ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸೋದು, ಹತ್ತು ಕಡ್ಡಿ ಒಟ್ಟಿಗೆ ಕಟ್ಟಿ ದಶಕ ತೋರಿಸೋದು, ಇಂಥದ್ದಕ್ಕೆಲ್ಲ ತಯಾರಿ ಸಿಗೋದು ಇಲ್ಲಿ.

ಬಿ.ಎಡ್‌ಗೆ ಮೊದಲು ಪದವಿ ಬೇಕು, ಆಮೇಲೆ 2 ವರ್ಷ. ಪ್ರೌಢಶಾಲೆಯಲ್ಲಿ ಕಲಿಸಬೇಕೆಂದರೆ ಅದೇ ಬೇಕು. ಆದರೆ ಸುಮ್ನೆ ‘ಬಿ.ಎಡ್ ದೊಡ್ಡದು’ ಅಂತ ಸೇರಬೇಡಿ. 2018ರಲ್ಲಿ ಶಿಕ್ಷಕರ ಅರ್ಹತೆ ನಿಗದಿ ಮಾಡುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಟಿಇ ಬಿ.ಎಡ್‌ನವರಿಗೂ ಕಿರಿಯ ತರಗತಿಗಳಿಗೆ ಅವಕಾಶ ಕೊಟ್ಟಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ.

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಇದ್ದೇ ಇದೆ. ಡಿ.ಎಲ್.ಎಡ್ ಮುಗಿಸಿ ಪದವಿಯನ್ನೂ ಮಾಡಿಕೊಂಡರೆ 6ರಿಂದ 8ನೇ ತರಗತಿಯ ಪತ್ರಿಕೆಗೂ ಕೂರಬಹುದು.